ಪ್ಲೇಯರ್ ಬಿಟ್ಟಿ, ಬೈಗುಳ ಗಟ್ಟಿ

ನೂರು ಕ್ಯಾಮೆರಾ ಇರುವ ಸ್ಟುಡಿಯೋ ಬಾಡಿಗೆಗೆ ದುಡ್ಡಿದೆ. ನಟನಿಗೆ ದುಡ್ಡಿದೆ. ಮೇಕಪ್ಪಿಗೆ, ಊಟಕ್ಕೆ, ಬಿಡುಗಡೆಯ ಪಾರ್ಟಿಗೆ ದುಡ್ಡಿದೆ. ಅಷ್ಟೆಲ್ಲ ಸುರಿದು ಸೆರೆಹಿಡಿದ ವಾಲ್ಯುಮೆಟ್ರಿಕ್ ವಿಡಿಯೋವನ್ನು ಗೇಮ್ ಎಂಜಿನ್ನಿನಲ್ಲಿ ಓಡಿಸುವ ಪ್ಲೇಯರ್ ಮಾತ್ರ ಪುಕ್ಕಟೆ ಬೇಕು.

ಸಿಗುತ್ತದೆ ಕೂಡ. ಯಾರೋ ಒಬ್ಬ ನಿದ್ದೆಗೆಟ್ಟು ಬರೆದು ಗಿಟ್‌ಹಬ್‌ಗೆ ಹಾಕಿರುತ್ತಾನೆ. ಇಳಿಸಿಕೊಂಡವರ ಮೊದಲ ಮಾತು ಏನು ಗೊತ್ತೆ? ‘ನನ್ನ ಹೆಡ್‌ಸೆಟ್‌ನಲ್ಲಿ ಓಡುತ್ತಿಲ್ಲ. ಸೋಮವಾರ ಕ್ಲೈಂಟಿಗೆ ಡೆಮೊ ಇದೆ. ಬೇಗ ಸರಿ ಮಾಡಿ.’ ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸುವುದು ಹಳೇ ಚಾಳಿ. ಈಗಿನವರು ಎಮ್ಮೆಗೆ ವಾರಂಟಿಯನ್ನೂ ಕೇಳುತ್ತಾರೆ.

ಕೆಲಸ ಸಣ್ಣದಾಗಿದ್ದರೆ ಸುಮ್ಮನಿರಬಹುದಿತ್ತು. ಗೇಮ್ ಎಂಜಿನ್ನಿಗೆ ಗೊತ್ತಿರುವುದು ಒಂದು ಬೊಂಬೆ, ಅದರೊಳಗೊಂದು ಅಸ್ಥಿಪಂಜರ. ಮೂಳೆ ಅಲ್ಲಾಡಿಸಿದರೆ ಬೊಂಬೆ ಕುಣಿಯುತ್ತದೆ. ವಾಲ್ಯುಮೆಟ್ರಿಕ್ ವಿಡಿಯೋದಲ್ಲಿ ಮೂಳೆಯೇ ಇಲ್ಲ. ಸುತ್ತಲಿನ ಕ್ಯಾಮೆರಾಗಳು ಕಂಡ ಮನುಷ್ಯನನ್ನು ಪ್ರತಿ ಫ್ರೇಮಿಗೂ ಹೊಸದಾಗಿ ಕಟ್ಟಿರುತ್ತಾರೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ನಿಮಿಷಕ್ಕೆ 1,800 ಬೊಂಬೆ. ಒಂದರ ಜಾಲರಿಗೂ ಇನ್ನೊಂದರ ಜಾಲರಿಗೂ ಸಂಬಂಧವಿಲ್ಲ.

ಬರೀ ಬಿಂದುಗಳ ಲೆಕ್ಕ ಹಾಕಿ. ಫ್ರೇಮಿಗೆ 10 ಲಕ್ಷ ಬಿಂದು. ಒಂದೊಂದರ ಸ್ಥಾನಕ್ಕೆ 12 ಬೈಟ್, ಬಣ್ಣಕ್ಕೆ 3. ಫ್ರೇಮಿಗೆ 15 ಎಂಬಿ ಆಯಿತು. ಸೆಕೆಂಡಿಗೆ 450. ಕುಗ್ಗಿಸದೆ ಇಟ್ಟರೆ ನಿಮಿಷಕ್ಕೆ 27 ಜಿಬಿ. ಇದನ್ನು ಡಿಸ್ಕಿನಿಂದ ಎಳೆದು, ಬಿಚ್ಚಿ, ಗ್ರಾಫಿಕ್ಸ್ ಕಾರ್ಡಿಗೆ ತುಂಬಿ, ದನಿಯನ್ನು ತುಟಿಗೆ ಹೊಂದಿಸಿ, ಎಲ್ಲೂ ತಡವರಿಸದೆ ತೋರಿಸಬೇಕು. ಕಂಪ್ಯೂಟರಿಗೆ ಒಂದು ಬಗೆಯ ಟೆಕ್ಸ್ಚರ್ ಸಂಕೋಚನ, ಮೊಬೈಲ್ ಚಿಪ್ಪಿನ ಹೆಡ್‌ಸೆಟ್ಟಿಗೆ ಇನ್ನೊಂದು.

‘ಪ್ಲೇ ಬಟನ್ ಒತ್ತಿದರಾಯಿತಲ್ಲ ಸಾರ್!’ ಹೌದು ಸಾರ್. ಒತ್ತಿ.

ಇದಕ್ಕೆ ಅಲೆಂಬಿಕ್ ಇದೆಯಲ್ಲ ಎನ್ನುವ ಬುದ್ಧಿವಂತರೂ ಸಿಗುತ್ತಾರೆ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಮತ್ತು ಲ್ಯೂಕಾಸ್‌ಫಿಲ್ಮ್ 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಫೈಲ್ ಮಾದರಿ ಅದು. ಒಳ್ಳೆಯದೇ. ಯೂನಿಟಿ ಎಂಜಿನ್ನಿಗೆ ಅದರ ಪ್ಯಾಕೇಜೂ ಇದೆ. ನಡೆಯುವುದು ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ. ಆಂಡ್ರಾಯ್ಡ್ ಹೆಡ್‌ಸೆಟ್‌ನಲ್ಲಿ ನಡೆಯುವುದಿಲ್ಲ. ಎಲ್ಲಿ ಬೇಕೋ ಅಲ್ಲೊಂದು ಬಿಟ್ಟು ಮಿಕ್ಕೆಲ್ಲ ಕಡೆ ಉಂಟು.

ದುಡ್ಡಿದ್ದವರು ಏನು ಮಾಡಿದರು? ಇಂಟೆಲ್ 2018ರಲ್ಲಿ ಲಾಸ್ ಏಂಜಲಿಸ್‌ನಲ್ಲಿ 10,000 ಚದರಡಿಯ ಚಿತ್ರೀಕರಣ ಗುಮ್ಮಟ ತೋರಿಸಿ ಸಿನಿಮಾದ ಭವಿಷ್ಯ ಹೇಳಿತು. 2020ರಲ್ಲಿ ಬಾಗಿಲು ಹಾಕಿತು. ಭವಿಷ್ಯದ ಆಯಸ್ಸು ಎರಡೇ ವರ್ಷ. ಮೈಕ್ರೋಸಾಫ್ಟ್ 106 ಕ್ಯಾಮೆರಾಗಳ ನಡುವೆ ಮನುಷ್ಯರನ್ನು ನಿಲ್ಲಿಸಿ ಚಿತ್ರೀಕರಿಸಿತು. 2023ರಲ್ಲಿ ಆ ಸ್ಟುಡಿಯೋ ವಿಭಾಗ ಮುಚ್ಚಿ, ತಂತ್ರಜ್ಞಾನವನ್ನು ಆರ್ಕ್ಟುರಸ್ ಎಂಬ ಕಂಪನಿಗೆ ದಾಟಿಸಿ ಕೈತೊಳೆದುಕೊಂಡಿತು. ಅದೇ ವರ್ಷ ಆಳ ಅಳೆಯುವ ಅಝೂರ್ ಕಿನೆಕ್ಟ್ ಕ್ಯಾಮೆರಾ ತಯಾರಿಕೆಗೂ ಮಂಗಳ ಹಾಡಿತು. ಸ್ಟುಡಿಯೋಗೆ ಹೋಗಲು ಗತಿಯಿಲ್ಲದ ಕಲಾವಿದರು ನಂಬಿದ್ದು ಆ ಕ್ಯಾಮೆರಾವನ್ನೇ. ಅವರನ್ನು ಕೇಳುವವರು ಯಾರು?

ಇತ್ತ ನಾಲ್ಕಾರು ಕಿನೆಕ್ಟ್ ಜೋಡಿಸಿ ಮನೆಯಲ್ಲೇ ಸೆರೆಹಿಡಿಯುವ ಲೈವ್‌ಸ್ಕ್ಯಾನ್3ಡಿ ಎಂಬ ತಂತ್ರಾಂಶ 2015ರಿಂದಲೂ ಪುಕ್ಕಟೆ ಇದೆ. ಅದನ್ನು ಮುಂದುವರಿಸಿದ ಬಿಲ್ಡಿಂಗ್ ವಾಲ್ಯೂಮ್ಸ್ ತಂಡ ಯೂನಿಟಿಗಾಗಿ ಜ್ಯಾಮಿತಿ ಸರಣಿ ಓಡಿಸುವ ಪ್ಲೇಯರನ್ನೂ ಮಾಡಿಟ್ಟಿದೆ. ಬಿಂದುಗಳನ್ನು ಯೂನಿಟಿಯೊಳಗೆ ತರಲು ಜಪಾನಿನ ಕೇಜಿರೊ ತಕಹಾಶಿ ಬರೆದ ಪಿಸಿಎಕ್ಸ್ ಇದೆ. ಗುಮ್ಮಟಗಳು ಮುಚ್ಚಿಹೋದವು. ಇವು ಇನ್ನೂ ಓಡುತ್ತಿವೆ. ಪತ್ರಿಕಾಗೋಷ್ಠಿ ಕರೆದವರು ಯಾರು, ಕೆಲಸ ಉಳಿಸಿದವರು ಯಾರು, ನೀವೇ ನೋಡಿಕೊಳ್ಳಿ.

ಡೆಪ್ತ್‌ಕಿಟ್ ಎಂಬ ಇನ್ನೊಂದು ಉಪಕರಣದ ಕಥೆ ಕೇಳಿ. ಆರ್‌ಜಿಬಿಡಿ ಟೂಲ್‌ಕಿಟ್ ಎಂಬ ಹೆಸರಲ್ಲಿ ಅದು ಹುಟ್ಟಿದ್ದು ಓಪನ್ ಸೋರ್ಸ್ ಆಗಿಯೇ. ಆಮೇಲೆ ಚಂದಾ ಕಟ್ಟಬೇಕಾಯಿತು. ನಾನಂತೂ ತಪ್ಪೆನ್ನಲಾರೆ. ಮಾಡಿದವರಿಗೂ ಮನೆ ಬಾಡಿಗೆ ಇರುತ್ತದೆ. ‘ದುಡ್ಡಿಗೆ ಮಾರಿಕೊಂಡರು’ ಎಂದು ಹಲುಬುವವರನ್ನು ಒಂದೇ ಮಾತು ಕೇಳಿ: ಪುಕ್ಕಟೆ ಇದ್ದಾಗ ಎಷ್ಟು ಕೊಟ್ಟಿರಿ?

ಓಪನ್ ಎಂಬ ಫಲಕ ತೂಗುಹಾಕುವವರದ್ದು ಬೇರೆಯೇ ಕಸುಬು. 2023ರಲ್ಲಿ ಫೋಟೋಗಳಿಂದ ಮೂರು ಆಯಾಮದ ದೃಶ್ಯ ಕಟ್ಟುವ ಗಾಸಿಯನ್ ಸ್ಪ್ಲ್ಯಾಟಿಂಗ್ ಬಂತು. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಆ ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದು. ಸಂಶೋಧನೆಗೆ ಬಳಸಬಹುದು. ವ್ಯಾಪಾರಕ್ಕೆ ಬಳಸುವಂತಿಲ್ಲ. ಹಾಗೆಂದು ಲೈಸೆನ್ಸಿನಲ್ಲೇ ಬರೆದಿದೆ. ಅದರ ಫಲಿತಾಂಶವನ್ನು ಯೂನಿಟಿಯಲ್ಲಿ ತೋರಿಸಲು ಅರಸ್ ಪ್ರಾಂಕೆವಿಚಿಯಸ್ ಬರೆದ ಕೋಡಿಗೆ ಎಂಐಟಿ ಲೈಸೆನ್ಸ್. ತೋರಿಸುವುದು ಮುಕ್ತ, ತಯಾರಿಸುವುದಕ್ಕೆ ಬೀಗ. ಈ ವ್ಯತ್ಯಾಸ ತಿಳಿಯಲು ಒಂದು ಪುಟ ಓದಿದರೆ ಸಾಕು. ಕ್ಲೈಂಟಿಗೆ ಮೂವತ್ತು ಸ್ಲೈಡ್ ಮಾಡುವವರಿಗೆ ಆ ಒಂದು ಪುಟ ಭಾರ.

ಎಂಜಿನ್ನಿನ ಧಣಿಗಳೂ ಕಮ್ಮಿಯಿಲ್ಲ. ಯೂನಿಟಿ 2023ರ ಸೆಪ್ಟೆಂಬರಿನಲ್ಲಿ ಗೇಮ್ ಇನ್‌ಸ್ಟಾಲ್ ಆದಷ್ಟು ಸಲ ಶುಲ್ಕ ವಸೂಲಿ ಮಾಡುತ್ತೇವೆಂದಿತು. ಜಗತ್ತೇ ಉಗಿಯಿತು. ಎಲ್ಲರ ಬಾಯಲ್ಲೂ ಎಂಐಟಿ ಲೈಸೆನ್ಸಿನ ಗೊಡೊ ಎಂಜಿನ್ನಿನ ಜಪ. ಮರುವರ್ಷ ಶುಲ್ಕ ರದ್ದಾಯಿತು. ಶುಲ್ಕದ ಜೊತೆಗೆ ಜಪವೂ ತಣ್ಣಗಾಯಿತು.

ನಾವೇನೂ ಹಿಂದೆ ಬಿದ್ದಿಲ್ಲ. ಅನಿಮೇಷನ್ ಮತ್ತು ಗೇಮಿಂಗಿಗೆ 2012ರಲ್ಲೇ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. 2024ರಿಂದ 2029ರವರೆಗಿನ ಹೊಸ ನೀತಿಗೆ ಎಕ್ಸ್‌ಆರ್ (ವಿಸ್ತೃತ ವಾಸ್ತವ) ಎಂಬ ಬಾಲವೂ ಸೇರಿದೆ. ಬೆಂಗಳೂರಿನಲ್ಲಿ ಸಮ್ಮೇಳನ ನಡೆಯುತ್ತದೆ. ದೀಪ ಬೆಳಗುತ್ತದೆ. ಶಾಲು ಹೊದಿಸುತ್ತಾರೆ. ಗಿಟ್‌ಹಬ್‌ನಲ್ಲಿ ಒಬ್ಬನೇ ಕೂತು ಪ್ಲೇಯರ್ ರಿಪೇರಿ ಮಾಡುವವನಿಗೆ ಶಾಲು ಹೊದಿಸಿದ್ದನ್ನು ನೀವು ಕಂಡಿದ್ದೀರಾ? ಕಂಡಿದ್ದರೆ ನನಗೂ ತಿಳಿಸಿ.

ಎಂಐಟಿ ಲೈಸೆನ್ಸ್ ದುಡ್ಡು ಕೇಳುವುದಿಲ್ಲ. ಅನುಮತಿ ಕೇಳುವುದಿಲ್ಲ. ಕೋಡ್ ಬಳಸಿ, ಬದಲಾಯಿಸಿ, ಮಾರಿ ಎನ್ನುತ್ತದೆ. ಅದರ ಷರತ್ತು ಒಂದೇ. ಬರೆದವನ ಹಕ್ಕಿನ ಸೂಚನೆಯನ್ನೂ ಲೈಸೆನ್ಸಿನ ಪಠ್ಯವನ್ನೂ ಜೊತೆಗೇ ಉಳಿಸಿಕೊಳ್ಳಬೇಕು. ನಮ್ಮವರು ಮೊದಲು ಅಳಿಸುವುದೇ ಆ ಸಾಲುಗಳನ್ನು.