ಗಾಲಿ ಕೆಳಗಿನ ನಿಂಬೆಹಣ್ಣು

ಕಾರ್ತಿಕದ ಕೊನೆಯ ಸೋಮವಾರ ಸಂಜೆ, ಬಸವನಗುಡಿಯ ಕಡಲೆಕಾಯಿ ಪರಿಷೆಯ ನಟ್ಟನಡುವೆ, ನಮ್ಮ ಪುಟ್ಟನ ಗಾಡಿಯ ಮುಂದಿನ ಎಡಗಾಲಿ ಪ್ರಾಣ ಬಿಟ್ಟಿತು. ಫುಟ್‌ಪಾತಿನ ಎರಡು ಚಪ್ಪಡಿಗಳ ನಡುವೆ ನಾಲ್ಕು ಬೆರಳಗಲದ ಸಂದು. ಗಾಲಿ ಅದರೊಳಕ್ಕೆ ಇಳಿಯಿತು. ಹಿಂದಿನಿಂದ ಜನ ನನ್ನನ್ನು ನೂಕಿದರು, ನಾನು ಗಾಡಿಯನ್ನು ನೂಕಿದೆ, ‘ಟಪ್’ ಅಂತು. ಗಾಡಿ ಮುಂದೆ ಬಂತು, ಗಾಲಿ ಬರಲಿಲ್ಲ. "ಅಯ್ಯೋ ಬಸವಣ್ಣಾ" ಎಂದು ನಾನು ಕೂಗಿಕೊಂಡೆ. ಎರಡು ವರ್ಷದ ಪುಟ್ಟ ಬತ್ತಾಸು ಚೀಪುವುದನ್ನು ನಿಲ್ಲಿಸಿ, ಬಗ್ಗಿ ನೋಡಿ, "ಬಿತ್ತು" ಎಂದು ವರದಿ ಒಪ್ಪಿಸಿ, ಮತ್ತೆ ಬತ್ತಾಸಿಗೆ ಹಿಂದಿರುಗಿದ.

ಆಟೋದವನನ್ನು ಕರೆದು ಕಷ್ಟ ಹೇಳಿಕೊಂಡರೆ, ಅವನು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ನಂದೂ ಮೂರೇ ಗಾಲಿ ಅಮ್ಮ, ಓಡ್ತಾ ಇಲ್ವಾ? ತಳ್ಕೊಂಡು ಹೋಗಿ" ಎಂದು ಬುದ್ಧಿ ಹೇಳಿ ಹೊರಟೇಹೋದ.

ಅಂಗಡಿಯವರು ಸ್ಟ್ರಾಲರ್ ಅನ್ನುವ ಈ ವಸ್ತುವಿಗೆ ನಮ್ಮನೆಯಲ್ಲಿ ಬರೀ ಗಾಡಿ ಅಂತಲೇ ಹೆಸರು. ಪುಟ್ಟನ ಬಾಯಲ್ಲಿ ಅದು ‘ಗಾಯಿ’. ನಾದಿನಿಯ ಮಗಳು ನ್ಯೂಜೆರ್ಸಿಯಿಂದ ತಂದುಕೊಟ್ಟಿದ್ದು. ಅಲ್ಲಿ ಅವಳ ಎರಡು ಮಕ್ಕಳನ್ನು ಐದು ವರ್ಷ ಹೊತ್ತು ತಿರುಗಿ, ಒಂದು ಗೀರೂ ಇಲ್ಲದೆ ಬಂದಿತ್ತು. ಬೆಂಗಳೂರಿನಲ್ಲಿ ಬಾಳಿದ್ದು ಹನ್ನೊಂದು ತಿಂಗಳು.

ರಾತ್ರಿ ಹಾಲಿನಲ್ಲಿ ಹಳೆಯ ಪೇಪರು ಹಾಸಿ ಗಾಡಿಯ ಮರಣೋತ್ತರ ಪರೀಕ್ಷೆ ನಡೆಯಿತು. ನಮ್ಮನೆಯವರು ಎಚ್‌ಎಎಲ್‌ನಲ್ಲಿ ಮೂವತ್ತಾರು ವರ್ಷ ವಿಮಾನದ ಲ್ಯಾಂಡಿಂಗ್ ಗೇರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಗಾಲಿ ಅಂದರೆ ಅವರಿಗೆ ಮಂತ್ರಾಕ್ಷತೆ ಇದ್ದ ಹಾಗೆ. ಟಾರ್ಚು ಬಿಟ್ಟು, ಭೂತಗನ್ನಡಿ ಹಿಡಿದು, ಮುರಿದ ಜಾಗವನ್ನು ಕಾಲು ಗಂಟೆ ನೋಡಿದರು. ಆಮೇಲೆ ಗಾಡಿಯ ಹೊಟ್ಟೆಯ ಕೆಳಗೆ ಅಂಟಿಸಿದ್ದ, ಇಷ್ಟು ದಿನ ಯಾರೂ ಓದದಿದ್ದ ಚೀಟಿಯೊಂದನ್ನು ಗಟ್ಟಿಯಾಗಿ ಓದಿದರು.

"ಕೆಳಗಿನ ಬುಟ್ಟಿಗೆ ಎರಡು ಕಿಲೋ ಮಾತ್ರ ಅಂತ ಬರೆದಿದೆ. ಇವತ್ತು ಬುಟ್ಟೀಲಿ ಏನಿತ್ತೇ?"

"ಸ್ವಲ್ಪ ಕಡಲೆಕಾಯಿ" ಎಂದೆ.

ಸುಳ್ಳಲ್ಲ. ನಾಲ್ಕು ಸೇರು ಹಸಿ, ಎರಡು ಸೇರು ಹುರಿದದ್ದು. ಜತೆಗೆ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಪರಿಷೆಯಲ್ಲಿ ಚೌಕಾಸಿ ಮಾಡಿ ಕೊಂಡ ಒಂದು ಕಲ್ಲಿನ ಕುಟ್ಟಾಣಿ. ಅದನ್ನು ಆಗಲೇ ಅಡುಗೆಮನೆಯ ಅಟ್ಟದ ಮೇಲೆ ಹಪ್ಪಳದ ಡಬ್ಬದ ಹಿಂದೆ ಭೂಗತ ಮಾಡಿದ್ದೆ.

ಗಾಡಿಯೇ ಬೇಡ ಅನ್ನುವುದು ನನ್ನ ಮೊದಲ ಮಾತಾಗಿತ್ತು. ನಮ್ಮಮ್ಮ ಐದು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಾವಿಯಿಂದ ನೀರು ತಂದವಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತ ಗಾದೆಯೇ ಇದೆಯಲ್ಲ. ಜನ ಅದನ್ನು ಮರೆಗುಳಿತನಕ್ಕೆ ಬಳಸುತ್ತಾರೆ. ನನಗೆ ಮಾತ್ರ ಅದು ಸೊಂಟದ ಜಾಹೀರಾತಿನಂತೆ ಕೇಳುತ್ತದೆ. ಹೊತ್ತವಳಿಗೆ ಹೊತ್ತಿದ್ದೇ ಮರೆತುಹೋಗುವಷ್ಟು ಹಗುರವಾದ ವಾಹನವನ್ನು ಯಾವ ಕಂಪನಿ ಮಾಡಿದೆ ಹೇಳಿ? ಇದನ್ನೆಲ್ಲ ವಿವರಿಸಿದ ಮೇಲೆ ಸೊಸೆ ತಣ್ಣಗೆ, "ಅತ್ತೆ, ಪುಟ್ಟ ಈಗ ಹನ್ನೆರಡೂವರೆ ಕಿಲೋ. ನಿಮ್ಮ ಸೊಂಟದ ಎಕ್ಸ್‌ರೇ ಬೀರುವಿನಲ್ಲಿದೆ, ತರ್ಲಾ?" ಎಂದಳು. ಚರ್ಚೆ ಮುಗಿಯಿತು.

ಹೊಸದು ಹುಡುಕಲು ಕುಳಿತಾಗ ಗೊತ್ತಾಯಿತು, ನಾವು ನಾಲ್ವರು ನಾಲ್ಕು ಬೇರೆ ಬೇರೆ ವಾಹನ ಹುಡುಕುತ್ತಿದ್ದೇವೆ ಅಂತ. ಮಗನಿಗೆ ವಿಮಾನದಲ್ಲಿ ತಲೆಯ ಮೇಲಿನ ಗೂಡಿಗೆ ಹಿಡಿಸುವಂಥದ್ದು ಬೇಕು. ವರ್ಷಕ್ಕೆ ಒಂದು ಸಲ ಪುಣೆಗೆ ಹೋಗಿಬರುವುದಕ್ಕೆ ಇಷ್ಟು ತಯಾರಿ. ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಕಾಲಮ್ಮಿನ ಪಟ್ಟಿಯನ್ನೂ ಮಾಡಿದ. ಸೊಸೆಗೆ ಕಾರಿನ ಡಿಕ್ಕಿಯಲ್ಲಿ ಮಡಚಿ ಮಲಗಿಸಿದ ಮೇಲೂ ಆಫೀಸಿನ ಚೀಲಕ್ಕೆ ಜಾಗ ಉಳಿಯಬೇಕು, ಸೀಟಿನ ಬಟ್ಟೆ ಬಿಚ್ಚಿ ಒಗೆಯಲು ಬರಬೇಕು. ನನಗೆ ಬೇಕಾದ್ದು ಬುಟ್ಟಿ. ಗಾಂಧಿ ಬಜಾರಿನಿಂದ ಒಂದು ಕಟ್ಟು ಸೊಪ್ಪು, ಎರಡು ತೆಂಗಿನಕಾಯಿ, ಒಂದು ಮಾರು ಸೇವಂತಿಗೆ ಹಿಡಿಸದ ಮೇಲೆ ಅದೆಂಥ ಗಾಡಿ?

ನಮ್ಮನೆಯವರು ಎಲ್ಲರಿಗಿಂತ ಆಳಕ್ಕೆ ಇಳಿದರು. 1733ರಲ್ಲಿ ವಿಲಿಯಂ ಕೆಂಟ್ ಎಂಬ ವಿನ್ಯಾಸಗಾರ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆಂದು ಚಿಪ್ಪಿನಾಕಾರದ ಗಾಡಿ ಮಾಡಿಕೊಟ್ಟನಂತೆ. ಅದನ್ನು ಎಳೆಯುವುದಕ್ಕೆ ಮೇಕೆ. ಇದನ್ನು ಕಾಫಿ ಹೊತ್ತಿನಲ್ಲಿ ಓದಿ ಹೇಳಿದರು. ಗಾಂಧಿ ಬಜಾರಿನಲ್ಲಿ ಮೇಕೆ ಕಟ್ಟಿದ ಗಾಡಿ! ಪುಟ್ಟ ಮನೆಗೆ ಬರುವಷ್ಟರಲ್ಲಿ ಕೊತ್ತಂಬರಿ ಉಳಿಯುತ್ತಿತ್ತೇ? ಆದರೆ ಅವರನ್ನು ನಿಜಕ್ಕೂ ಕುಣಿಸಿದ್ದು ಓವೆನ್ ಮೆಕ್ಲಾರೆನ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಯುದ್ಧವಿಮಾನದ ಕೆಳಗಾಲಿಗಳ ಮೇಲೆ ಕೆಲಸ ಮಾಡಿದ ಇಂಜಿನಿಯರು. ಮಗಳು ಭಾರದ ಗಾಡಿ ಎಳೆದಾಡಿ ಸುಸ್ತಾದದ್ದನ್ನು ಕಂಡು, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳ, ಕೊಡೆಯಂತೆ ಮಡಚುವ, ಸುಮಾರು ಮೂರೇ ಕಿಲೋ ತೂಗುವ ಗಾಡಿಯನ್ನು ರೂಪಿಸಿದ. ಹಾರಿದ ಮೇಲೆ ಆ ವಿಮಾನದ ಗಾಲಿ ರೆಕ್ಕೆಯೊಳಕ್ಕೆ ಮಡಚಿಕೊಳ್ಳಬೇಕಲ್ಲ, ಆ ವಿದ್ಯೆಯನ್ನೇ ತಾತನಾದ ಮೇಲೆ ಮೊಮ್ಮಕ್ಕಳ ಗಾಡಿಗೆ ತಂದ. "ನೋಡಿದೆಯಾ, ಲ್ಯಾಂಡಿಂಗ್ ಗೇರಿನವರು ಏನು ಮಾಡಬಹುದು ಅಂತ!" ಎಂದು ನಮ್ಮನೆಯವರು ಎದೆಯುಬ್ಬಿಸಿದರು, ಮೆಕ್ಲಾರೆನ್ ತಮ್ಮ ಸೋದರಮಾವನೋ ಎಂಬ ಹಾಗೆ.

ಮಾರನೆಯ ಬೆಳಿಗ್ಗೆ ಉಕ್ಕಿನ ಟೇಪು ಹಿಡಿದು ನಮ್ಮ ಬೀದಿಯ ಫುಟ್‌ಪಾತ್ ಅಳೆಯಲು ಹೊರಟರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ದಾಟಬಾರದು, ನಡೆಯಲು 1.8 ಮೀಟರ್ ಅಗಲ ಬಿಟ್ಟಿರಬೇಕು. ನಮ್ಮ ಬೀದಿಯಲ್ಲಿ ಎತ್ತರ ಒಂದು ಕಡೆ 280, ಇನ್ನೊಂದು ಕಡೆ 310. ಮಧ್ಯೆ ಯಾರದೋ ಕಾರು ಒಳಗೆ ಹೋಗಲೆಂದು ಸೊನ್ನೆ. ಮತ್ತೆ 240. "ಇದು ಫುಟ್‌ಪಾತಲ್ಲ ಕಣೇ, ಹಾರ್ಮೋನಿಯಂ" ಎಂದು ಬೆವರೊರೆಸಿಕೊಂಡರು. ಅಗಲ ಅಳೆಯಲು ಆಗಲೇ ಇಲ್ಲ. ಟ್ರಾನ್ಸ್‌ಫಾರ್ಮರು, ಎಳನೀರಿನ ರಾಶಿ, ನಾಲ್ಕು ಸ್ಕೂಟರು, ಒಂದು ಮಲಗಿದ ನಾಯಿ ಅಡ್ಡ ಇದ್ದವು. ನಾಯಿಯನ್ನು ಎಬ್ಬಿಸುವುದು ಇವರಿಗೆ ಒಗ್ಗದ ಕೆಲಸ.

ಅಳತೆಯಿಂದ ಇಷ್ಟಂತೂ ತೀರ್ಮಾನವಾಯಿತು. ಚಿಕ್ಕ ಗಾಲಿಯ ಗಾಡಿ ಪುಟ್ಟದಾಗಿ ಮಡಚಿಕೊಳ್ಳುತ್ತದೆ, ಆದರೆ ಕಂಡ ಕಂಡ ಸಂದಿಗೆ ಕಾಲು ಕೊಡುತ್ತದೆ. ಗಾಳಿ ತುಂಬಿದ ದೊಡ್ಡ ಗಾಲಿಯದು ಹಳ್ಳ ದಿಣ್ಣೆಗೆ ಹೆದರುವುದಿಲ್ಲ, ಆದರೆ ಹತ್ತು ಹನ್ನೆರಡು ಕಿಲೋ ತೂಗುತ್ತದೆ, ಮೇಲೆ ಪಂಕ್ಚರು ಬೇರೆ. ಮಗುವಿನ ಗಾಡಿ ತಳ್ಳಿಕೊಂಡು ಪಂಕ್ಚರ್ ಅಂಗಡಿಯ ಸಾಲಿನಲ್ಲಿ ಬುಲೆಟ್ಟಿನ ಹಿಂದೆ ನಿಲ್ಲುವುದನ್ನು ನೆನೆಸಿಕೊಂಡೇ ಸೊಸೆ ಅದನ್ನು ತಳ್ಳಿಹಾಕಿದಳು. ಮಗನ ವಿಮಾನದ ಗೂಡಿಗೆ ಬೇಕಾದದ್ದು ಮೊದಲನೆಯದು, ನಮ್ಮ ಬೀದಿಗೆ ಬೇಕಾದದ್ದು ಎರಡನೆಯದು. ಪಟ್ಟಿಗೆ ಹನ್ನೆರಡನೇ ಕಾಲಮ್ಮು ಬಂತು.

ಭಾನುವಾರ ಜಯನಗರದ ಅಂಗಡಿಗೆ ಹೋದೆವು. ಸಾಲುಸಾಲು ಗಾಡಿಗಳು, ನಾಲ್ಕೂವರೆ ಸಾವಿರದಿಂದ ಹಿಡಿದು ನಾನು ಚೀಟಿಯನ್ನು ಎರಡು ಸಲ ಓದಿ ಬಿಟ್ಟುಬಿಟ್ಟ ಬೆಲೆಯವರೆಗೆ. ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲದವರು ನಾವು. ಕೊನೆಗೆ ಬಂದಾಗ ಯಾವ ಬಣ್ಣ ಅಂತ ಕೂಡ ಕೇಳದೆ ಕೈಮುಗಿದು ಮನೆಗೆ ತಂದಿದ್ದೆವು. ಆರಿಸುವುದು ನಮಗೆ ಅಭ್ಯಾಸವಿಲ್ಲ. ಬಂದದ್ದಕ್ಕೆ ಅರಿಶಿನ ಕುಂಕುಮ ಹಚ್ಚುವುದಷ್ಟೇ ಗೊತ್ತು.

ಅಂಗಡಿಯ ಹುಡುಗ ರಾಯಚೂರಿನ ಕಡೆಯವನು, ಇಪ್ಪತ್ತೆರಡು ಇರಬಹುದು. "ಅಜ್ಜೀ, ಇದನ್ನ ಒಂದ ಕೈಲೆ ಮಡಚಬಹುದು ನೋಡ್ರಿ" ಎಂದು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಯಕ್ಷಿಣಿಯವನ ಹಾಗೆ. ಬಲಗೈಯಲ್ಲಿ ಗುಂಡಿ ಒತ್ತಿ ಹಿಡಿಯನ್ನು ತಿರುಚಿದ. ಗಾಡಿ ‘ಪಟಪಟ’ ಅಂದು ನಮಸ್ಕಾರ ಹಾಕುವ ಭಂಗಿಯಲ್ಲಿ ನೆಲಕ್ಕೆ ಕುಸಿಯಿತು. ನಾವು ಚಪ್ಪಾಳೆ ತಟ್ಟುವುದೊಂದು ಬಾಕಿ. "ಬಿಚ್ಚಿ ತೋರ್ಸಪ್ಪ" ಎಂದರು ನಮ್ಮನೆಯವರು. ಒಂದು ಕೈಯಲ್ಲಿ ಎತ್ತಿ ಜಾಡಿಸಿದ. ಅರ್ಧ ಬಿಚ್ಚಿಕೊಂಡು ನಿಂತಿತು. ಇನ್ನೊಂದು ಸಲ ಜಾಡಿಸಿದ. ಎಡಗೈ ಬೆನ್ನ ಹಿಂದಿನಿಂದ ಮೆಲ್ಲಗೆ ಮುಂದೆ ಬಂತು. ಮೊಣಕಾಲೂ ಬಂತು. ಕೊನೆಗೆ ಒಳಗಿನಿಂದ ಇನ್ನೊಬ್ಬ ಹುಡುಗ ಓಡಿಬಂದು ಒಂದು ಕಡೆ ಹಿಡಿದ. "ಒಟ್ಟು ನಾಲ್ಕು ಕೈ, ಒಂದು ಮಂಡಿ" ಎಂದು ನಮ್ಮನೆಯವರು ಲೆಕ್ಕ ಕೊಟ್ಟರು. ಹುಡುಗ ನಕ್ಕು, "ಹೊಸಾದು ಐತ್ರಿ, ಬಿಗಿ ಅದ" ಎಂದ. ಆ ಮಾತು ನನಗೆ ಹಿಡಿಸಿತು.

ನಾನು ಪ್ರತಿ ಗಾಡಿಯ ಬ್ರೇಕನ್ನೂ ತುಳಿದು ನೋಡಿದೆ. ಕಾರಣವಿದೆ. ಹುಡುಗಿಯಾಗಿದ್ದಾಗ ಅಣ್ಣ ಒಂದು ಫಿಲಂ ಸೊಸೈಟಿಗೆ ಕರೆದುಕೊಂಡು ಹೋಗಿ 1925ರ ಮೂಕಿಚಿತ್ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ತೋರಿಸಿದ್ದ. ಅದರಲ್ಲಿ ಒಡೆಸ್ಸಾದ ಮೆಟ್ಟಿಲುಗಳ ಮೇಲೆ ಕೂಸಿನ ಸಮೇತ ಗಾಡಿಯೊಂದು ಉರುಳುತ್ತಾ ಹೋಗುತ್ತದಲ್ಲ, ಕ್ರಾಂತಿ ಏನಾಯಿತೋ ನನಗೆ ನೆನಪಿಲ್ಲ, ಗಾಡಿ ಮಾತ್ರ ಇವತ್ತಿಗೂ ಉರುಳುತ್ತಲೇ ಇದೆ.

ಇಷ್ಟರಲ್ಲಿ ಯಾರಿಗಾಗಿ ಇದೆಲ್ಲ ನಡೆದಿತ್ತೋ ಅವನನ್ನು ಕೇಳಿರಲೇ ಇಲ್ಲ. ಸೊಸೆ ಪುಟ್ಟನನ್ನು ಒಂದರಲ್ಲಿ ಕೂರಿಸಿ ಭುಜ, ಸೊಂಟ, ಕಾಲಸಂದು ಅಂತ ಐದು ಕಡೆ ಬೆಲ್ಟು ಬಿಗಿದಳು. ಅವನು ನಾಲ್ಕು ಕ್ಷಣ ಕುಳಿತ. ಐದನೆಯ ಕ್ಷಣಕ್ಕೆ ಬೆನ್ನು ಬಿಲ್ಲಾಯಿತು, ದನಿ ಗಗನಕ್ಕೇರಿತು. ಇಳಿಸಿದ ತಕ್ಷಣ ಸುಮ್ಮನಾಗಿ, ಗಾಡಿಯ ಹಿಂದಕ್ಕೆ ಹೋಗಿ, ಹಿಡಿ ಎಟುಕದೆ ಕೆಳಗಿನ ಅಡ್ಡಸರಳನ್ನೇ ಹಿಡಿದು, "ನಾ ತಳ್ತೀನಿ" ಎಂದು ಹೊರಟ. ಹಾಲಿನ ಬಾಟಲಿಗಳ ಅಟ್ಟಣಿಗೆಗೆ ಹೋಗಿ ಗುದ್ದುವ ತನಕ ಚೆನ್ನಾಗಿಯೇ ನಡೆಸಿದ. ಬೆಲೆ ಇಳಿಸಿ ಎಂದು ಕೇಳುವ ನೈತಿಕ ಹಕ್ಕು ಅಲ್ಲಿಗೆ ಹೋಯಿತು. ಗುದ್ದಿದ ಗಾಡಿಯನ್ನೇ ಕೊಂಡೆವು.

ನಡುಮಟ್ಟದ್ದು. ಏಳೂವರೆ ಕಿಲೋ ತೂಕ. ಮುಂದೆ ಎರಡು ಜೋಡಿ, ಹಿಂದೆ ಎರಡು ಜೋಡಿ, ಒಟ್ಟು ಎಂಟು ಗಾಲಿ. ಸೀಟು 22 ಕಿಲೋ ತಡೆಯುತ್ತದೆ, ಬುಟ್ಟಿ ಮೂರು. ವಿಮಾನದ ಗೂಡಿಗೆ ಹಿಡಿಸುವುದಿಲ್ಲ, ನಮ್ಮ ಬೀದಿಗೆ ಪೂರ್ತಿ ಒಗ್ಗುವುದೂ ಇಲ್ಲ. ಮುಂದಿನ ಗಾಲಿ ತಿರುಗದ ಹಾಗೆ ಲಾಕ್ ಮಾಡಬಹುದು ಎಂಬ ಒಂದೇ ಗುಣಕ್ಕೆ ನಮ್ಮನೆಯವರು ಒಪ್ಪಿದರು. ಫುಟ್‌ಪಾತಿನಿಂದ ಇಳಿಸುವಾಗ ಮಾತ್ರ ಹಿಂದುಹಿಂದಕ್ಕೆ, ಹಿಂಗಾಲಿ ಮೊದಲು ಇಳಿಸಬೇಕು ಎಂದು ನನಗೆ ದಾರಿಯುದ್ದಕ್ಕೂ ತರಬೇತಿ ಕೊಟ್ಟರು.

ಹೊಸ ವಾಹನ ಬಂದ ಮೇಲೆ ಪೂಜೆ ಆಗಬೇಡವೇ? ಗೇಟಿನ ಮುಂದೆ ನಿಲ್ಲಿಸಿ, ಕುಂಕುಮವಿಟ್ಟು, ಸೇವಂತಿಗೆ ಸಿಗಿಸಿದೆ. ಎಂಟು ಗಾಲಿಗೆ ಎಂಟು ನಿಂಬೆಹಣ್ಣೋ, ಜೋಡಿಗೊಂದೋ ಎಂಬ ಧರ್ಮಸಂದೇಹವನ್ನು ನಿಂಬೆಯ ಬೆಲೆ ನೋಡಿ ಜೋಡಿಗೊಂದು ಎಂದು ಬಗೆಹರಿಸಿಕೊಂಡೆ. ತಳ್ಳಿದೆ. ನಿಂಬೆಹಣ್ಣು ಉರುಳಿ ಮುಂದೆ ಹೋಯಿತು. ಮತ್ತೆ ಇಟ್ಟು ತಳ್ಳಿದೆ. ಗಾಲಿ ಅದರ ಮೇಲೆ ಹತ್ತಿ ಆಚೆ ಇಳಿಯಿತು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಪುಟ್ಟನನ್ನು ಕೂರಿಸಿ ತಳ್ಳಿದ್ದೂ ಆಯಿತು. ನಮ್ಮನೆಯವರು ಹಿಡಿಯ ಮೇಲೆ ಭಾರ ಬಿಡಲು ಹೋದಾಗ ಸೊಸೆ ವಾರಂಟಿ ಕಾರ್ಡು ತೋರಿಸಿದಳು. ಆಚೆಮನೆಯವರೆಲ್ಲ ಗೇಟಿಗೆ ಬಂದು ನಿಂತರು. ಮುಹೂರ್ತ ಮೀರುತ್ತಿದೆ ಎಂಬ ಗಾಬರಿಯಲ್ಲಿ ನಾನು ಒಳಗೆ ಓಡಿ, ಕೈಗೆ ಸಿಕ್ಕಿದ್ದನ್ನು ತಂದು ನಾಲ್ಕೂ ನಿಂಬೆಹಣ್ಣನ್ನು ಜಜ್ಜಿ ಮುಗಿಸಿದೆ.

"ಈ ಕುಟ್ಟಾಣಿ ಯಾವಾಗ ಬಂತೇ?" ಎಂದರು ನಮ್ಮನೆಯವರು.

ಕೈಗೆತ್ತಿಕೊಂಡು ತೂಕ ಅಂದಾಜು ಮಾಡಿದರು. ಸಾಲದೆ ಅಡುಗೆಮನೆಯ ತಕ್ಕಡಿಯ ಮೇಲಿಟ್ಟರು. ಮೂರೂಕಾಲು ಕಿಲೋ. ಒಂದು ಮಾತೂ ಆಡಲಿಲ್ಲ. ಮಾರ್ಕರ್ ಪೆನ್ನು ತಂದು ಹೊಸ ಗಾಡಿಯ ಬುಟ್ಟಿಯ ಮೇಲೆ ದಪ್ಪಕ್ಷರದಲ್ಲಿ ‘ಮೂರು ಕಿಲೋ ಮಾತ್ರ’ ಎಂದು ಬರೆದರು. ಲಾರಿಯ ಹಿಂದೆ ಬರೆಯುವ ಹಾಗೆ.

ನಾನು ಮಾತಿಗೆ ತಪ್ಪಿಲ್ಲ. ಬುಟ್ಟಿಯಲ್ಲಿ ಮೂರು ಕಿಲೋ ದಾಟಿಸಿಲ್ಲ. ಮೊನ್ನೆ ಬಜಾರಿನಲ್ಲಿ ನಾಲ್ಕೂವರೆ ಕಿಲೋದ ಎಳೆಯ ಬೂದುಗುಂಬಳ ಒಳ್ಳೆ ಬೆಲೆಗೆ ಸಿಕ್ಕಿತು. ಪುಟ್ಟ ಎಂದಿನಂತೆ ಕೆಳಗಿಳಿದು "ನಾ ತಳ್ತೀನಿ" ಎಂದು ಹಿಂದೆ ನಿಂತಿದ್ದ. ಸೀಟು ಖಾಲಿ. ಸೀಟಿನ ಮಿತಿ 22 ಕಿಲೋ. ಉರುಳದಿರಲಿ ಎಂದು ಐದೂ ಕಡೆ ಬೆಲ್ಟು ಹಾಕಿದೆ. ಪುಟ್ಟ ಮುಂದೆ ಬಂದು ನೋಡಿ, "ಬಿಸಿಲು" ಎಂದು ಮೇಲಿನ ಕೊಡೆಯನ್ನು ಎಳೆಸಿದ.

ತಿರುವಿನಲ್ಲಿ ಮೂಲೆಮನೆಯ ಅಜ್ಜಿ ಸಿಕ್ಕರು. ಕಣ್ಣು ಸ್ವಲ್ಪ ಮಂಜು. "ಓಹೋ, ಎರಡನೇದೂ ಆಯ್ತಾ? ಹೇಳ್ಲೇ ಇಲ್ಲ ನೋಡು" ಎನ್ನುತ್ತಾ ದೃಷ್ಟಿ ತೆಗೆಯಲು ಎರಡೂ ಕೈ ಮುಂದಕ್ಕೆ ಚಾಚಿ, ಕೊಡೆಯನ್ನು ಮೆಲ್ಲಗೆ ಸರಿಸಿದರು. "ಪಾಪು ಹೆಸರೇನೋ ಪುಟ್ಟಾ?"

"ಕಾಯಿ" ಎಂದ ಪುಟ್ಟ.

ಅವರು ಕನ್ನಡಕ ಏರಿಸಿಕೊಂಡು ಒಂದು ಗಳಿಗೆ ನೋಡಿದರು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಶಬ್ದ ಕೇಳಿದರು.

"ಎಳೇದೇ ಇದೆ. ಮಜ್ಜಿಗೆಹುಳಿಗಾ?"