ಪಟ್ಟಿರಾಯರು

ಪಟ್ಟಿರಾಯರ ನಿಜವಾದ ಹೆಸರು ಬೇರೆ. ಐರನ್ ಮೇಡನ್ ಬ್ಯಾಂಡಿನ 17 ಸ್ಟುಡಿಯೋ ಆಲ್ಬಮ್‌ಗಳನ್ನು ಶ್ರೇಷ್ಠದಿಂದ ಕನಿಷ್ಠದವರೆಗೆ ಜೋಡಿಸಿ, ಆ ಕ್ರಮವನ್ನು ವಾರಕ್ಕೊಮ್ಮೆ ತಿದ್ದುವವರಿಗೆ ಬೇರಾವ ಹೆಸರೂ ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಇಂಥವರು ಬಹಳ. ವಯಸ್ಸು ನಲವತ್ತೈದರ ಆಚೆ, ಕೆಲಸ ಸಾಫ್ಟ್‌ವೇರು, ಮೈಮೇಲೆ ಒಗೆದೂ ಒಗೆದೂ ಬೂದಿಬಣ್ಣಕ್ಕೆ ತಿರುಗಿದ ಕಪ್ಪು ಟೀ ಶರ್ಟು. ಅದರ ಮೇಲೆ ಬ್ಯಾಂಡಿನ ಲಾಂಛನವಾದ ಎಡ್ಡಿ ಎಂಬ ಪ್ರೇತ. ರಾಯರ ಹೊಟ್ಟೆ ಬೆಳೆದಂತೆಲ್ಲ ಎಡ್ಡಿಯ ಬತ್ತಿದ ಕೆನ್ನೆಯೂ ತುಂಬಿಕೊಂಡು, ಈಗ ಅವನನ್ನು ಕಂಡರೆ ಹೆದರಿಕೆಯಾಗುವ ಬದಲು ‘ಊಟ ಆಯ್ತಾ?’ ಅಂತ ಕೇಳೋಣ ಅನ್ನಿಸುತ್ತದೆ.

1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಈ ಬ್ಯಾಂಡ್ ಕಟ್ಟಿದ್ದನ್ನು ರಾಯರು ತಾವೇ ಮುಂದೆ ನಿಂತು ಮುಹೂರ್ತ ಇಟ್ಟುಕೊಟ್ಟವರಂತೆ ಹೇಳುತ್ತಾರೆ. ಪಟ್ಟಿಯ ತುದಿಯಲ್ಲಿ 1982ರ ‘ದ ನಂಬರ್ ಆಫ್ ದ ಬೀಸ್ಟ್’ ಇಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ. ಜಗಳವೇ ಇಲ್ಲದ ಮೇಲೆ ಪಟ್ಟಿ ಯಾವ ಸುಖಕ್ಕೆ? ಹಾಗಾಗಿ ಅದನ್ನು ನಾಲ್ಕನೆಯದಕ್ಕೆ ಇಳಿಸಿ, ‘ಅದರಲ್ಲಿ ಗ್ಯಾಂಗ್‌ಲ್ಯಾಂಡ್ ಹಾಡಿದೆಯಲ್ಲ ಗುರೂ! ಅದನ್ನು ಬಿಟ್ಟು ಟೋಟಲ್ ಎಕ್ಲಿಪ್ಸ್ ಹಾಕಿದ್ದಿದ್ದರೆ ಮಾತೇ ಬೇರೆ’ ಎಂದು ನಿಟ್ಟುಸಿರು ಬಿಡುತ್ತಾರೆ. ನಾಲ್ಕು ದಶಕದ ಹಿಂದೆ ಇಂಗ್ಲೆಂಡಿನಲ್ಲಿ ನಡೆದ ಒಂದು ಅಚಾತುರ್ಯಕ್ಕೆ ಜಯನಗರದಲ್ಲಿ ಇನ್ನೂ ಸೂತಕ. ನನ್ನನ್ನು ಕೇಳಿದರೆ 1984ರ ‘ಪವರ್‌ಸ್ಲೇವ್’ ಮೊದಲನೆಯದು, ಮಾತು ಮುಗಿಯಿತು. ಆದರೆ ರಾಯರು ಯಾರನ್ನೂ ಕೇಳುವವರಲ್ಲ.

ಹೊಸಬರು ಸಿಕ್ಕಿದರೆ ಅವರ ಮೊದಲ ಪ್ರಶ್ನೆ: ‘ಬ್ಲೇಜ್ ಬಗ್ಗೆ ಏನಂತೀರಾ?’ ಹೆಣ್ಣು ನೋಡಲು ಬಂದವರು ಗೋತ್ರ ವಿಚಾರಿಸುವ ಧಾಟಿ ಅದು. ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟುಹೋಗಿ 1999ರಲ್ಲಿ ಮರಳುವವರೆಗೆ ಬ್ಲೇಜ್ ಬೇಲಿ ಎರಡು ಆಲ್ಬಮ್ ಹಾಡಿದರು. ಲೋಕವೆಲ್ಲ ಆ ಎರಡನ್ನೂ ಪಟ್ಟಿಯ ತಳಕ್ಕೆ ತಳ್ಳುತ್ತದೆ. ರಾಯರ ಪ್ರತಿಭೆ ಬೆಳಗುವುದು ಇಲ್ಲೇ. 1995ರ ‘ದ ಎಕ್ಸ್ ಫ್ಯಾಕ್ಟರ್’ ಅವರ ಪಟ್ಟಿಯಲ್ಲಿ ಐದನೆಯದು! ‘ಯಾರಿಗೂ ಅರ್ಥ ಆಗ್ಲಿಲ್ಲ’ ಅನ್ನುತ್ತಾರೆ, ಅರ್ಥ ಮಾಡಿಕೊಂಡ ಒಬ್ಬರೇ ಒಬ್ಬರು ಯಾರೆಂಬುದನ್ನು ನಮ್ಮ ಊಹೆಗೆ ಬಿಟ್ಟು. 1998ರ ‘ವರ್ಚುವಲ್ ಇಲೆವನ್’ ವಿಷಯ ಎತ್ತಿದರೆ ಮಾತ್ರ ಕಾಫಿ ತರಿಸುತ್ತಾರೆ. ಒಂದೇ ಸಾಲನ್ನು ಜಪಿಸುತ್ತ ಹತ್ತು ನಿಮಿಷದ ಹತ್ತಿರ ಎಳೆಯುವ ‘ದ ಏಂಜಲ್ ಅಂಡ್ ದ ಗ್ಯಾಂಬ್ಲರ್’ ಅನ್ನು ಸಮರ್ಥಿಸುವ ಎದೆಗಾರಿಕೆ ಅವರಿಗೂ ಇಲ್ಲ.

ಅವರ ಅಂಕಶಾಸ್ತ್ರವೂ ವಿಚಿತ್ರ. 2003ರ ‘ಡಾನ್ಸ್ ಆಫ್ ಡೆತ್’ ಹಾಡುಗಳಿಗೆ ದೂರಿಲ್ಲ, ಆದರೆ ಆ ಕಂಪ್ಯೂಟರ್ ಮುಖಪುಟಕ್ಕಾಗಿ ಎರಡು ಸ್ಥಾನ ದಂಡ. ಚಿತ್ರ ಬರೆದವರೇ ತಮ್ಮ ಹೆಸರು ಹಾಕಬೇಡಿ ಎಂದ ಮುಖಪುಟ ಅದು. 2015ರ ‘ದ ಬುಕ್ ಆಫ್ ಸೋಲ್ಸ್’ ಕೊನೆಯಲ್ಲಿ, 1930ರಲ್ಲಿ ಬಿದ್ದು ಸುಟ್ಟುಹೋದ ಆರ್101 ಎಂಬ ವಾಯುನೌಕೆಯ ಕಥೆ 18 ನಿಮಿಷ ನಡೆಯುತ್ತದೆ. ಇದನ್ನು ರಾಯರು ಕೇಳುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ನೌಕೆ ಹಾರಿ, ಬಿದ್ದು, ಹಾಡು ಮುಗಿದರೂ ಅವರ ಕಾರು ಇದ್ದಲ್ಲೇ ಇರುತ್ತದೆ.

2006ರ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಮಾತ್ರ ಮೂರನೆಯದರಿಂದ ಕದಲಿಲ್ಲ. ಆ ಆಲ್ಬಮ್ಮಿನ ಪ್ರವಾಸದಲ್ಲೇ, 2007ರ ಮಾರ್ಚ್ 17ರಂದು, ಬ್ಯಾಂಡು ನಮ್ಮ ಅರಮನೆ ಮೈದಾನಕ್ಕೆ ಬಂದದ್ದು. ರಾಯರು ಮೊದಲ ಸಾಲಿನಲ್ಲಿದ್ದರಂತೆ. ಅಂದು ಮೊದಲ ಸಾಲಿನಲ್ಲಿದ್ದೆ ಅನ್ನುವವರನ್ನೆಲ್ಲ ನಿಲ್ಲಿಸಿದರೆ ಆ ಸಾಲು ಮೇಖ್ರಿ ಸರ್ಕಲ್ ದಾಟಿ ಹೆಬ್ಬಾಳ ಮುಟ್ಟೀತು.

ಮೊನ್ನೆ ಅವರ ಮಗಳು ‘ವೇಸ್ಟೆಡ್ ಇಯರ್ಸ್’ ಗುನುಗುತ್ತಿದ್ದಳು. ರಾಯರಿಗೆ ಸ್ವರ್ಗಕ್ಕೆ ಮೂರೇ ಗೇಣು.

‘ಯಾವ ಆಲ್ಬಮ್ ಹೇಳು ಪುಟ್ಟಾ?’

‘ಆಲ್ಬಮ್ ಗೀಲ್ಬಮ್ ಗೊತ್ತಿಲ್ಲಪ್ಪ. ಪ್ಲೇಲಿಸ್ಟಲ್ಲಿ ಬಂತು.’

‘ಆಲ್ಬಮ್ ಗೊತ್ತಿಲ್ದೆ ಹಾಡು ಹೇಗೆ ಇಷ್ಟ ಆಗತ್ತೆ?’

‘ಚೆನ್ನಾಗಿದೆ, ಅದಕ್ಕೆ.’

ಇಂಥ ವಾದಕ್ಕೆ ಅವರ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಆ ಶನಿವಾರ ಹೊರಬಿದ್ದ ಪರಿಷ್ಕೃತ ಪಟ್ಟಿಯಲ್ಲಿ ಆ ಹಾಡಿರುವ 1986ರ ‘ಸಮ್‌ವೇರ್ ಇನ್ ಟೈಮ್’ ಒಂಬತ್ತರಿಂದ ಎರಡಕ್ಕೆ ನೆಗೆದಿತ್ತು. ಕಾರಣ ಕೇಳಿದವರಿಗೆ, ಅದರಲ್ಲಿನ ಗಿಟಾರ್ ಸಿಂಥಸೈಜರ್ ತಮ್ಮ ಕಿವಿಗೆ ಈಗಷ್ಟೇ ಒಗ್ಗಿತೆಂದು ಮುಕ್ಕಾಲು ಗಂಟೆ ವಿವರಿಸಿದರು.