ಎಕರೆಗೆ ಎಷ್ಟು ಮಾರ್ಕ್ಸು?

ನೀಟ್ ಫಲಿತಾಂಶ ಬಂದ ಮರುದಿನ ನಮ್ಮ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದಲ್ಲಿ ಎಲ್ಲರೂ ಪಂಡಿತರೇ. ನಿನ್ನೆಯವರೆಗೆ ಹೆಸರುಕಾಳಿನ ರೇಟು ಹೇಳುತ್ತಿದ್ದವನು ಇವತ್ತು ಕಟಾಫ್ ಹೇಳುತ್ತಾನೆ. ಕಟಿಂಗ್ ಅಂಗಡಿಯಲ್ಲಿ ಗಲ್ಲಕ್ಕೆ ನೊರೆ ಹಚ್ಚುತ್ತಲೇ ವಿಚಾರಣೆ ಶುರು.

"ನಿಮ್ಮ ಹುಡುಗಿದು ಎಷ್ಟ ಬಿದ್ದಾವ್ರಿ?"

"ನಾನೂರಾ ಐವತ್ರಿ."

"ಹಂಗಾರ ಗದಗ ಸಿಕ್ಕೇ ಸಿಗತೈತಿ, ಬಿಡ್ರಿ."

ಸಿಗುವುದಿಲ್ಲ. ಆದರೆ ಅಷ್ಟು ಹೇಳಿದರೆ ಗಿರಾಕಿ ಖುಷಿಯಾಗುತ್ತಾನೆ. ಕ್ಷೌರಿಕನದು ತಪ್ಪಲ್ಲ. ಇದೇ ಮಾತನ್ನು ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ಸಾವಿರಗಟ್ಟಲೆ ಫೀ ತೆಗೆದುಕೊಂಡು ಹೇಳುವವರಿದ್ದಾರೆ. ಅವರ ಹೆಸರು ಅಡ್ಮಿಷನ್ ಕನ್ಸಲ್ಟಂಟ್. ಕ್ಷೌರಿಕ ಕನಿಷ್ಠ ಗಡ್ಡವನ್ನಾದರೂ ಮಾಡುತ್ತಾನೆ.

ಬಸ್ ನಿಲ್ದಾಣದ ಎದುರು ಬ್ಯಾನರ್ ಬರುತ್ತದೆ. ಒಂದೇ ಹುಡುಗನ ಮುಖ ಮೂರು ಬ್ಯಾನರುಗಳಲ್ಲಿ. ಒಂದು ಅವನು ಏಳನೇ ಇಯತ್ತೆಯಲ್ಲಿ ಎರಡು ತಿಂಗಳು ಹೋದ ಟ್ಯೂಷನ್ನಿನದು. ಇನ್ನೊಂದು ಅವನು ಬರೀ ಟೆಸ್ಟ್ ಬರೆದು ಬಂದ ಕೋಚಿಂಗಿನದು. ಮೂರನೆಯದು ಸ್ಥಳೀಯ ಪುಢಾರಿಯದು. ಅದರಲ್ಲಿ ಹುಡುಗನ ಮುಖ ಅಂಚೆಚೀಟಿಯಷ್ಟು, ಪುಢಾರಿಯದು ಕಿಟಕಿಯಷ್ಟು. ಹುಡುಗ ನಿಜವಾಗಿ ಓದಿದ್ದು ಮಂಗಳೂರಿನ ಕಡೆಯ ವಸತಿ ಕಾಲೇಜಿನಲ್ಲಿ, ವರ್ಷಕ್ಕೆ ಲಕ್ಷಗಟ್ಟಲೆ ಕಟ್ಟಿ. "ನಮ್ಮ ಗ್ರಾಮೀಣ ಪ್ರತಿಭೆ" ಎಂದು ಕೆಳಗೆ ಬರೆದಿರುತ್ತದೆ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು. ಗಜೇಂದ್ರಗಡದ ಒಂದು ಸೈಬರ್ ಸೆಂಟರಿಗೆ ಹೋಗಿ ನೋಡಿ. ಜೆರಾಕ್ಸ್ ಮಷಿನ್ನಿನ ಮೇಲೆ ಅರ್ಧ ಕುಡಿದ ಚಹಾ. ಅಪ್ಪನ ಕೈಯಲ್ಲಿ ಬಟ್ಟೆ ಅಂಗಡಿಯ ಕ್ಯಾರಿಬ್ಯಾಗು. ಅದರೊಳಗೆ ಜಾತಿ-ಆದಾಯ ಪ್ರಮಾಣಪತ್ರ, ಮಾರ್ಕ್ಸ್‌ಕಾರ್ಡ್, ಹೊಲದ ಉತಾರ. ಉತಾರವನ್ನು ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಕೇಳಿಲ್ಲ. ಆದರೂ ಅಪ್ಪ ತಂದಿದ್ದಾನೆ. ಈ ಇಡೀ ವ್ಯವಹಾರದಲ್ಲಿ ಕೊನೆಗೆ ಯಾವ ಕಾಗದ ಬೇಕಾಗುತ್ತದೆ ಎಂಬುದು ಅವನಿಗೆ ಕೆಇಎಗಿಂತ ಚೆನ್ನಾಗಿ ಗೊತ್ತು.

ಸೈಬರಿನ ಹುಡುಗ ಕಳೆದ ವರ್ಷದ ಕಟಾಫ್ ಪಟ್ಟಿ ಹಿಡಿದು ಹಳದಿ ಗೆರೆ ಎಳೆಯುತ್ತಾನೆ. ಹೋದ ವರ್ಷದ ಮಳೆ ಲೆಕ್ಕ ಹಿಡಿದು ಈ ವರ್ಷ ಬಿತ್ತಿದ ಹಾಗೆ. 2024ರಲ್ಲಿ ಮೊದಲು ಪ್ರಕಟವಾದ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರು 67 ಜನ. ಕೃಪಾಂಕ, ಮರುಪರೀಕ್ಷೆ, ಸುಪ್ರೀಂ ಕೋರ್ಟು ಎಲ್ಲ ಮುಗಿದ ಮೇಲೆ ಅವರು 17 ಆದರು. ಆ ವರ್ಷ 600 ಅಂಕ ಬಂದವನ ರ‍್ಯಾಂಕು ಎಂಬತ್ತು ಸಾವಿರದ ಆಸುಪಾಸು. ಮರುವರ್ಷ ಪ್ರಶ್ನೆಪತ್ರಿಕೆ ಕಠಿಣವಾಯಿತು. ದೇಶಕ್ಕೇ ಮೊದಲು ಬಂದವನಿಗೆ 686. ಆ ವರ್ಷ 600 ದಾಟಿದವರು ಇಡೀ ದೇಶದಲ್ಲಿ ಹೆಚ್ಚೂಕಡಿಮೆ ಸಾವಿರದ ಮುನ್ನೂರು. ಅಂಕ ಅದೇ. ಒಂದು ವರ್ಷ ಕಸ, ಮರುವರ್ಷ ಚಿನ್ನ. ಇದನ್ನು ನಾವು ಪ್ರತಿಭೆಯ ಅಳತೆಗೋಲು ಎಂದು ಕರೆಯುತ್ತೇವೆ.

ಹಾಗಾದರೆ ಅಂಕ ನೋಡಿ ಕಾಲೇಜು ಆರಿಸುವುದು ಹೇಗೆ? ಸುಲಭ. ಅಂಕ ನೋಡಬೇಡಿ, ಎಕರೆ ನೋಡಿ.

ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಅರವತ್ತು-ಎಪ್ಪತ್ತು ಸಾವಿರ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಆಜುಬಾಜು. ಅದೇ ಕಾಲೇಜಿನ ಖಾಸಗಿ ಕೋಟಾದಲ್ಲಿ ಹತ್ತು-ಹನ್ನೆರಡು ಲಕ್ಷ. ಎನ್‌ಆರ್‌ಐ ಕೋಟಾದಲ್ಲಿ ಇಪ್ಪತ್ತೈದು ಲಕ್ಷದಿಂದ ಮೇಲಕ್ಕೆ ಕೈಗೆ ಎಟುಕಿದಷ್ಟು. ಅದೇ ಬೆಂಚು, ಅದೇ ಮೇಷ್ಟ್ರು, ಅದೇ ಹೆಣ ಕೊಯ್ಯುವ ಟೇಬಲ್ಲು. ಮೂರು ದರ. ಸಿನಿಮಾ ಟಾಕೀಸಿನಲ್ಲಿ ಬಾಲ್ಕನಿಯವನಿಗೆ ಕನಿಷ್ಠ ಬೇರೆ ಕುರ್ಚಿ ಕೊಡುತ್ತಿದ್ದರು.

ಅಂಕ ಕೆಳಗಿಳಿದಷ್ಟೂ ಎಕರೆ ಮೇಲೇರುತ್ತದೆ. ಸೂತ್ರ ಇಷ್ಟೇ. ನರಗುಂದದ ಎರಿ ಹೊಲ, ಕಾಲುವೆ ಬಾಜೂ ಇದ್ದರೆ ಇಷ್ಟು ಅಂಕಕ್ಕೆ ಸಮ. ರೋಣದ ಒಣಬೇಸಾಯದ ಹೊಲ, ಬರೀ ಕಡ್ಲಿ ಬೆಳೆಯುವಂಥದ್ದು, ಅದರರ್ಧ. ಹೈವೇಗೆ ಹತ್ತಿದ ಪ್ಲಾಟಿದ್ದರೆ ಹುಡುಗ ಓದುವುದೇ ಬೇಡ, ಪಾಸಾಗಿ ಬಂದರೆ ಸಾಕು.

ಪಾಸು ಎಂದರೆ ಎಷ್ಟು ಗೊತ್ತೇ? 2025ರಲ್ಲಿ ಸಾಮಾನ್ಯ ವರ್ಗಕ್ಕೆ 720ಕ್ಕೆ 144. ನೂರಕ್ಕೆ ಇಪ್ಪತ್ತು. ಎಸ್‌ಎಸ್‌ಎಲ್‌ಸಿ ಹುಡುಗನಿಗೆ ಇಪ್ಪತ್ತು ಬಂದರೆ ಮನೆಯಲ್ಲಿ ಬಾರುಕೋಲು ಹೊರಬರುತ್ತದೆ. ಡಾಕ್ಟರಾಗುವವನಿಗೆ ಬಂದರೆ ಅದರ ಹೆಸರು ಕ್ವಾಲಿಫೈಡ್. ಆ ವರ್ಷ ಪರೀಕ್ಷೆ ಬರೆದವರು 22 ಲಕ್ಷ, ಕ್ವಾಲಿಫೈ ಆದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟು ಒಂದು ಲಕ್ಷದ ಮೇಲೆ ಒಂದಿಷ್ಟು ಸಾವಿರ. ಒಂದು ಸೀಟಿಗೆ ಹತ್ತು ಜನರನ್ನು ಅರ್ಹರು ಎಂದು ಯಾಕೆ ಕರೆಯಬೇಕು? ಮೇಲಿನ ಒಂಬತ್ತು ಜನ ಫೀ ನೋಡಿ ಓಡಿಹೋದರೂ ಹತ್ತನೆಯವನು ರೊಕ್ಕ ಹಿಡಿದು ನಿಂತಿರಬೇಕಲ್ಲ. ಸ್ನಾತಕೋತ್ತರದಲ್ಲಂತೂ ಮುಚ್ಚುಮರೆಯೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ನೀಟ್-ಪಿಜಿ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆಗೆ ಬಂದು ಕೂತಿದ್ದೇ ಅರ್ಹತೆ. ಮೈನಸ್ ಅಂಕದವನಿಗೂ ಬಾಗಿಲು ತೆರೆಯಿತು. ಖಾಲಿ ಸೀಟು ವ್ಯರ್ಥವಾಗಬಾರದಂತೆ. ಎಷ್ಟೊಂದು ಕಾಳಜಿ.

450ರ ಹುಡುಗಿಗೆ ಸರ್ಕಾರಿ ಸೀಟಿಲ್ಲ. 150ರ ಹುಡುಗನಿಗೆ ದುಬೈಯಲ್ಲಿ ಸೋದರಮಾವ ಇದ್ದಾನೆ. ಐದಾರು ವರ್ಷಗಳ ನಂತರ ಇಬ್ಬರಲ್ಲಿ ಯಾರು ನಿಮ್ಮ ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ, ಊಹಿಸಿ. ಪಂಜಾಬ್ ಸರ್ಕಾರ ಮಾವ, ಚಿಕ್ಕಪ್ಪ, ಅತ್ತೆ ಎಲ್ಲರನ್ನೂ ಎನ್‌ಆರ್‌ಐ ನೆಂಟರ ಲೆಕ್ಕಕ್ಕೆ ಸೇರಿಸಲು ಹೋದಾಗ, 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದು ಶುದ್ಧ ವಂಚನೆ ಎಂದಿತು. ಸರಿಯಾಗಿಯೇ ಹೇಳಿತು. ಹೇಳಿದ ಮೇಲೂ ಮಾವಂದಿರಿಗೆ ಬರವಿಲ್ಲ.

ಈ ವ್ಯಾಪಾರದಲ್ಲಿ ನಾವು ಹಿಂದೆ ಬಿದ್ದವರಲ್ಲ. ದೇಶದ ಮೊದಲ ಸ್ವಹಣಕಾಸಿನ ಖಾಸಗಿ ವೈದ್ಯಕೀಯ ಕಾಲೇಜು 1953ರಲ್ಲಿ ಮಣಿಪಾಲದಲ್ಲಿ ಹುಟ್ಟಿತು. 1984ರಲ್ಲಿ ರಾಜ್ಯವೇ ಕ್ಯಾಪಿಟೇಷನ್ ಫೀ ನಿಷೇಧ ಕಾಯ್ದೆ ತಂದಿತು. ಐದು ವರ್ಷ ಕಳೆಯುವುದರೊಳಗೆ, 1989ರಲ್ಲಿ, ಅದೇ ರಾಜ್ಯ ದರಪಟ್ಟಿ ಹೊರಡಿಸಿತು: ಸರ್ಕಾರಿ ಸೀಟಿಗೆ 2,000, ರಾಜ್ಯದವರಿಗೆ 25,000, ಹೊರರಾಜ್ಯದವರಿಗೆ 60,000. ಅದನ್ನು ಪ್ರಶ್ನಿಸಿ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ಗೆದ್ದರು. ಆಮೇಲೆ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣ, 2003ರ ಇಸ್ಲಾಮಿಕ್ ಅಕಾಡೆಮಿ ಪ್ರಕರಣ. ಎದುರುವಾದಿ ಮೂರರಲ್ಲೂ ಕರ್ನಾಟಕ ರಾಜ್ಯ. ಫೀ ವಸೂಲಿಯ ಕಾನೂನನ್ನು ದೇಶಕ್ಕೆ ಕಲಿಸಿದವರು ನಾವು. ಜ್ಞಾನಪೀಠದ ಲೆಕ್ಕ ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು.

ರೊಕ್ಕವಿಲ್ಲದ, ಹಟ ಬಿಡದ ಅಪ್ಪಂದಿರು ನಕಾಶೆಯ ಕಡೆ ತಿರುಗುತ್ತಾರೆ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಯುದ್ಧ ಶುರುವಾಗುವವರೆಗೆ ಉಕ್ರೇನ್. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೋಗಿ ಶೆಲ್ ದಾಳಿಗೆ ಸತ್ತವನು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹುಡುಗ. ಪಿಯುಸಿಯಲ್ಲಿ ನೂರಕ್ಕೆ 97. ಇಷ್ಟು ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಕ್ಯಾಮೆರಾಗಳ ಮುಂದೆ ಹೇಳಿದರು. ಮನೆಗೆ ಮಂತ್ರಿಗಳು ಬಂದರು, ಹಾರ ಹಾಕಿದರು, ಫೀ ಕಡಿಮೆ ಮಾಡುವ ಬಗ್ಗೆ ಗಂಭೀರವಾಗಿ ಮಾತಾಡಿದರು. ಫೀ ಮಾತ್ರ ಗಂಭೀರವಾಗಿ ಏರುತ್ತಲೇ ಇದೆ.

ಈಗ ನಮ್ಮಂಥ ಊರುಗಳಿಗೆ ಸಿಕ್ಕಿರುವ ವಿಶೇಷ ಪ್ರಸಾದ ಕೇಳಿ. ಕೆಇಎ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಕೋಟಾ ಶೇಕಡಾ 15 ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿರಬೇಕು. ಹಳ್ಳಿ ಎಂದರೆ? ಪುರಸಭೆಯೂ ಇರಬಾರದು, ಪಟ್ಟಣ ಪಂಚಾಯಿತಿಯೂ ಇರಬಾರದು. ರೋಣ ಪುರಸಭೆ. ನರಗುಂದ ಪುರಸಭೆ. ಗಜೇಂದ್ರಗಡ ಪುರಸಭೆ. ನರೇಗಲ್ಲು ಪಟ್ಟಣ ಪಂಚಾಯಿತಿ. ಮುಗಿಯಿತು. ನೇಕಾರ ಓಣಿಯಲ್ಲಿ ಮಗ್ಗದ ಸಪ್ಪಳದ ನಡುವೆ ಕಂಠಪಾಠ ಮಾಡಿದ ಹುಡುಗಿ ನಗರವಾಸಿ. ಬೆಂಗಳೂರಿನ ಜಯನಗರದ ಹುಡುಗಿಯೂ ನಗರವಾಸಿ. ಇಬ್ಬರೂ ಸಮಾನರು. ಇಲ್ಲಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬರುವುದರೊಳಗೆ ದಸರಾ ರಜೆ ಬಂದಿರುತ್ತದೆ ಎಂಬ ಸಣ್ಣ ವ್ಯತ್ಯಾಸವನ್ನು ಸಂವಿಧಾನಪ್ರೇಮಿಗಳು ಮನ್ನಿಸಬೇಕು.

ಗಜೇಂದ್ರಗಡದ ಗುಡ್ಡ ಹತ್ತಿ ಆಚೆ ನೋಡಿದರೆ ಕೊಪ್ಪಳ ಜಿಲ್ಲೆ. ಕುಷ್ಟಗಿ, ಯಲಬುರ್ಗಾ. ಅದೇ ಮಳೆ, ಅದೇ ಬರ, ಅದೇ ತೂತು ಬಿದ್ದ ರಸ್ತೆ. ಅಲ್ಲಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ: ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8. ಅವರಿಗೆ ಅದು ಬೇಕಿತ್ತು, ತಡವಾಗಿ ಬಂತು, ಅದರ ಬಗ್ಗೆ ತಕರಾರಿಲ್ಲ. ತಕರಾರು ನಮ್ಮವರ ಬಗ್ಗೆ. ವರ್ಷವಿಡೀ ಮೀಸಲಾತಿಯಿಂದಲೇ ದೇಶ ಹಾಳಾಯಿತು ಎಂದು ಕಟ್ಟೆಯ ಮೇಲೆ ಕೂತು ಭಾಷಣ ಮಾಡುವವರಿಗೆ ಜೂನ್ ಬಂದ ಕೂಡಲೇ ಕುಷ್ಟಗಿಯಲ್ಲಿ ತಾವು ಹುಟ್ಟಿದ ಮನೆ ನೆನಪಾಗುತ್ತದೆ. "ನಮ್ಮವ್ವನ ತವರಮನಿ ಅಲ್ಲೇ ಐತ್ರಿ, ಏನರ ಸರ್ಟಿಫಿಕೇಟ್ ಆಕ್ಕೈತೇನ್ರಿ?"

ಮೇಲಿನವರು ಇದಕ್ಕಿಂತ ಒಂದು ಕೈ ಹೆಚ್ಚು. 2024ರ ಜುಲೈ 25ರಂದು ನಮ್ಮ ವಿಧಾನಸಭೆ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ಬಡ, ಗ್ರಾಮೀಣ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂಬ ಕಳಕಳಿ. ಕಣ್ಣು ತುಂಬಿ ಬರಬೇಕು. ಅದೇ ವರ್ಷ ಅದೇ ಸರ್ಕಾರ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಶೇ 15ರಷ್ಟು ಎನ್‌ಆರ್‌ಐ ಸೀಟಿಗೆ ಅನುಮತಿ ಕೊಡಿ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮುಂದೆ ಅರ್ಜಿ ಇಟ್ಟಿತು. ಬಡವರ ಕಣ್ಣೀರು ಒರೆಸಲು ಡಾಲರಿನ ಕರವಸ್ತ್ರ. ಸದನದಲ್ಲಿ ಕೈ ಎತ್ತಿದವರಲ್ಲಿ ಎಷ್ಟು ಜನರ ಮನೆತನಕ್ಕೆ ವೈದ್ಯಕೀಯ ಕಾಲೇಜಿದೆ ಎಂದು ಎಣಿಸಲು ಹೋಗಬೇಡಿ. ಪಕ್ಷಭೇದವಿಲ್ಲದೆ ಸಿಗುತ್ತಾರೆ.

ಇಷ್ಟೆಲ್ಲ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಒಬ್ಬ ಅಪ್ಪನೂ ಕೇಳುವುದಿಲ್ಲ: ಆ ಕಾಲೇಜಿನ ಆಸ್ಪತ್ರೆಯಲ್ಲಿ ರೋಗಿಗಳಿದ್ದಾರೆಯೇ?

ಹಾಸ್ಟೆಲ್ ರೂಮಿಗೆ ಎಸಿ ಇದೆಯೇ, ಕೇಳುತ್ತಾರೆ. ಬೆಂಗಳೂರು ಏರ್‌ಪೋರ್ಟ್ ಎಷ್ಟು ದೂರ, ಕೇಳುತ್ತಾರೆ. ವೈದ್ಯಕೀಯ ಕಲಿಯುವುದು ರೋಗಿಯ ಮಂಚದ ಬಾಜೂಕ ನಿಂತು. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ, ಜನರ ಬಾಯಲ್ಲಿನ ಕಿಮ್ಸ್‌ಗೆ ಸುತ್ತಲಿನ ಜಿಲ್ಲೆಗಳ ಜನವೆಲ್ಲ ಬಂದು ಬೀಳುತ್ತದೆ. ಅಲ್ಲಿ ಹುಡುಗ ಒಂದು ರಾತ್ರಿಯಲ್ಲಿ ನೋಡುವ ಹಾವು ಕಡಿತ, ಹೆರಿಗೆ, ಅಪಘಾತವನ್ನು ಹೊಳೆಯುವ ಗಾಜಿನ ಕಟ್ಟಡದಲ್ಲಿ ತಿಂಗಳಾದರೂ ನೋಡಲಾರ. ಗದಗದ ಮಲ್ಲಸಮುದ್ರದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ, 150 ಸೀಟು. ಅಂಕ ಚೆನ್ನಾಗಿ ಬಂದರೆ "ಇಲ್ಲೇ ಬಾಜೂಕ ಏನ್ ಓದೂದ್ರಿ" ಎನ್ನುತ್ತಾರೆ. ಬರದಿದ್ದರೆ "ಜಿಮ್ಸ್ ಒಂದ ಸಿಕ್ರ ಸಾಕಾಗಿತ್ರಿ" ಎಂದು ವೀರನಾರಾಯಣನಿಗೆ ಹರಕೆ ಹೊರುತ್ತಾರೆ. ತಪಾಸಣೆಯ ದಿನ ಬಾಡಿಗೆ ರೋಗಿಗಳನ್ನು ಮಲಗಿಸುವ, ಹೆಸರಿಗಷ್ಟೇ ಪ್ರಾಧ್ಯಾಪಕರನ್ನು ತೋರಿಸುವ ಜಾಲದ ಮೇಲೆ ಸಿಬಿಐ 2025ರಲ್ಲಿ ಪ್ರಕರಣ ದಾಖಲಿಸಿತು. ಆಯೋಗದ ತಪಾಸಣಾಧಿಕಾರಿಗಳೇ ಲಂಚದ ಆರೋಪದಲ್ಲಿ ಸಿಕ್ಕರು. ಎಕರೆ ಮಾರಿ ಸೀಟು ಕೊಂಡ ಅಪ್ಪ, ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ಎಣಿಸುವವನು.

ಕೋಟಿ ಸುರಿದು ಬಂದ ಡಾಕ್ಟರು ರೋಣಕ್ಕೆ ಬರುತ್ತಾರೆಯೇ? ಕೇಳಬೇಡಿ. ಒಂದು ವರ್ಷದ ಕಡ್ಡಾಯ ಸೇವೆಗೆ ರಾಜ್ಯ 2012ರಲ್ಲಿ ಕಾಯ್ದೆ ಮಾಡಿತು. 2023ರಲ್ಲಿ ತಿದ್ದುಪಡಿ ಬಂತು: ಹುದ್ದೆ ಖಾಲಿ ಇದ್ದಷ್ಟು ಜನರನ್ನು ಮಾತ್ರ ಕಳಿಸಿದರೆ ಸಾಕು, ಡಾಕ್ಟರುಗಳೇ ಹೆಚ್ಚಾಗಿದ್ದಾರೆ. ಇದನ್ನು ಓದಿದ ದಿನ ನಮ್ಮ ಕಡೆಯವರು ನಗಬೇಕೋ ಅಳಬೇಕೋ ತಿಳಿಯದೆ ನಿಂತರು. ರಾತ್ರಿ ಎದೆ ಹಿಡಿದುಕೊಂಡವನನ್ನು ಟಂಟಂನಲ್ಲಿ ಹಾಕಿಕೊಂಡು ಗದಗಕ್ಕೋ ಹುಬ್ಬಳ್ಳಿಗೋ ಓಡುವ ಊರುಗಳಿವು. ಮಾರಿದ ಹೊಲದ ರೊಕ್ಕ ತಿರುಗಿ ಎತ್ತಬೇಕಾದವನು ಸಂಬಳಕ್ಕೆ ಕೂರುತ್ತಾನೆಯೇ? ಅವನು ಹುಬ್ಬಳ್ಳಿಯಲ್ಲಿ ಬೋರ್ಡು ಹಾಕುತ್ತಾನೆ. ನಾವು ಟಂಟಂ ಹತ್ತಿ ಅಲ್ಲಿಗೇ ಹೋಗುತ್ತೇವೆ. ಸ್ಕ್ಯಾನಿಂಗ್ ಬರೆದುಕೊಡುತ್ತಾನೆ. ಹೊಲ ಮಾರಿದ್ದು ಅವರಪ್ಪ, ಕಂತು ಕಟ್ಟುವವರು ನಾವು.

ಅಂದ ಹಾಗೆ ಬಸ್ ನಿಲ್ದಾಣದ ಎದುರು ಬ್ಯಾನರ್ ಬದಲಾಗಿದೆ. ಲಾಂಗ್ ಟರ್ಮ್ ರಿಪೀಟರ್ಸ್ ಬ್ಯಾಚ್ ಶುರು. 450ರ ಮೇಲೆ ಅಂಕ ಬಂದವರಿಗೆ ಫೀಯಲ್ಲಿ ವಿಶೇಷ ರಿಯಾಯಿತಿ ಇದೆಯಂತೆ. 150ರವರಿಗೆ ಇಲ್ಲ. ಅವರಿಗೆ ಬೇಕಾಗಿಯೂ ಇಲ್ಲ, ಅವರ ಅನಾಟಮಿ ಕ್ಲಾಸು ಆಗಲೇ ಶುರುವಾಗಿದೆ.